ಹಾಳೆಯ ಹಿಂಬದಿ

2023ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ದಾವಣಗೆರೆಯ ಹಳೇ ಊರಿನ ಒಂದು ಮನೆಯ ಜಗಲಿಯ ಮೇಲೆ ರದ್ದಿಯವನು ತಕ್ಕಡಿ ಹಿಡಿದು ನಿಂತಿದ್ದ. ಆ ಮನೆಯ ಯಜಮಾನರು ಹಗಲು ಹೊತ್ತು ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದು, ರಾತ್ರಿ ಊಟವಾದ ಮೇಲೆ ಊರಿನ ಒಂದು ಪತ್ರಿಕೆಗೆ ಸುಮಾರು 20 ವರ್ಷ ವ್ಯಂಗ್ಯಚಿತ್ರ ಬರೆದುಕೊಟ್ಟವರು, 2021ರಲ್ಲಿ ತೀರಿಕೊಂಡರು. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಆ ಕುಟುಂಬದ ತೆರಿಗೆ ಕಾಗದಗಳ ವಿಚಾರವಾಗಿ ಅಂದು ಅಲ್ಲಿಗೆ ಹೋಗಿದ್ದೆ. ಜಗಲಿಯ ಮೇಲೆ ತೆರೆದಿಟ್ಟಿದ್ದ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಪಂಚಾಂಗಗಳ ಕೆಳಗೆ, ನಾನು ಕಾಲೇಜಿನ ದಿನಗಳಲ್ಲಿ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ ಚಿತ್ರಗಳ ಮೂಲ ಹಾಳೆಗಳು ಕಂಡವು. ಅವುಗಳ ಜೊತೆಗಿದ್ದ, ಚಿತ್ರವನ್ನು ಅಚ್ಚೊತ್ತಲು ಬಳಸುವ ಸತುವಿನ ಬ್ಲಾಕುಗಳನ್ನು ಹಿಂದಿನ ವಾರವೇ ಗುಜರಿಗೆ ಹಾಕಿದ್ದರಂತೆ. ಕಾಗದಕ್ಕಿಂತ ಲೋಹಕ್ಕೆ ಬೆಲೆ ಹೆಚ್ಚು ಬರುತ್ತದೆ ಎಂಬ ಲೆಕ್ಕಾಚಾರ. ಉಳಿದಿದ್ದ 11 ಹಾಳೆಗಳನ್ನು ಕೊಳ್ಳುತ್ತೇನೆಂದು ನಾನು ಅಲ್ಲಿಯೇ ಹೇಳಿದೆ. ಅವು ಆ ಟ್ರಂಕಿನಿಂದ ಪಿ.ಜೆ. ಬಡಾವಣೆಯಲ್ಲಿರುವ ನನ್ನ ಕಚೇರಿಯ ಗೋಡೆಗೆ ಬರಲು 14 ತಿಂಗಳು ಹಿಡಿಯುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಇದೇ ಹಾದಿ ಹಿಡಿಯಬೇಕೆಂದಿರುವವರು ನನ್ನ ಹಾಗೆ ಮುಗ್ಗರಿಸದಿರಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಈ ಹುಚ್ಚು ನನಗೆ ಮನೆಯಿಂದಲೇ ಬಂದದ್ದು. ನಮ್ಮ ಅಟ್ಟದ ಮೇಲೆ ತಾತನ ಕಾಲದ ‘ಕೊರವಂಜಿ’ಯ ಸಂಚಿಕೆಗಳಿದ್ದವು. ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಆ ಹಾಸ್ಯಪತ್ರಿಕೆಗೆ ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣ್ ಅವರೂ ಚಿತ್ರ ಬರೆದಿದ್ದರು. ಆದರೆ ಅಚ್ಚಾದ ಚಿತ್ರವನ್ನು ನೋಡಿ ಬೆಳೆದವನಿಗೆ ಮೂಲ ಹಾಳೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಆಗುವ ಬೆರಗೇ ಬೇರೆ. ಪತ್ರಿಕೆಯಲ್ಲಿ ಅಂಗೈಯಗಲವಿದ್ದ ಚಿತ್ರ ಇಲ್ಲಿ ಅದರ ಒಂದೂವರೆ ಪಟ್ಟು ದೊಡ್ಡದಾಗಿತ್ತು, ಏಕೆಂದರೆ ದೊಡ್ಡದಾಗಿ ಬರೆದದ್ದನ್ನು ಕ್ಯಾಮೆರಾದಲ್ಲಿ ಕುಗ್ಗಿಸಿದಾಗ ಗೆರೆಯ ಅಂಕುಡೊಂಕುಗಳು ಮರೆಯಾಗುತ್ತವೆ. ಇಂಡಿಯನ್ ಇಂಕಿನ ಗೆರೆಯ ಅಡಿಯಲ್ಲಿ ತೆಳುನೀಲಿ ಪೆನ್ಸಿಲ್ಲಿನ ಕರಡು ಗೆರೆಗಳು ಹಾಗೆಯೇ ಉಳಿದಿದ್ದವು; ಬ್ಲಾಕು ಮಾಡಲು ಬಳಸುತ್ತಿದ್ದ ಫಿಲ್ಮಿನಲ್ಲಿ ನೀಲಿ ಮೂಡುವುದಿಲ್ಲವಾದ್ದರಿಂದ ಅವನ್ನು ಅಳಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಒಬ್ಬ ಮಂತ್ರಿಯ ಮೂಗನ್ನು ಮೊದಲು ಉದ್ದ ಬರೆದು, ಆಮೇಲೆ ಬಿಳಿ ಪೋಸ್ಟರ್ ಬಣ್ಣದಿಂದ ಮುಚ್ಚಿ, ಗಿಡ್ಡ ಮಾಡಿದ್ದರು. ಅದು ಸಂಪಾದಕರ ಭಯವೋ ಬರೆದವರ ಕನಿಕರವೋ, ಅಚ್ಚಿನಲ್ಲಿ ಎಂದೂ ತಿಳಿಯದಿದ್ದ ಆ ಹಿಂಜರಿಕೆ ಹಾಳೆಯ ಮೇಲೆ ಉಬ್ಬಾಗಿ ಕೈಗೆ ತಾಕುತ್ತಿತ್ತು. ಇಂಥ ಹಾಳೆಗಳನ್ನು ಸಮಕಾಲೀನ ಕಲೆಯೆಂದು ಕೊಂಡು ಕಾಪಾಡಬೇಕೆಂಬುದಕ್ಕೆ ನನ್ನಲ್ಲಿರುವ ವಾದ ಇಷ್ಟೇ.

ಬೆಲೆಯನ್ನು ಹಾಳೆಯೊಂದಕ್ಕೆ 3,000 ರೂಪಾಯಿಯಂತೆ ನಾನೇ ಸೂಚಿಸಿದೆ. ನಮ್ಮ ಊರಿನಲ್ಲಿ ಇದಕ್ಕೊಂದು ಮಾರುಕಟ್ಟೆಯಿಲ್ಲದ ಕಾರಣ ಕಡಿಮೆಯೋ ಹೆಚ್ಚೋ ಎಂದು ಹೇಳುವವರು ಯಾರೂ ಇರಲಿಲ್ಲ. ಚಿತ್ರಕಾರರ ಪತ್ನಿ, ಎಪ್ಪತ್ತು ದಾಟಿದ ಅಮ್ಮ, “ಹಾಳೀಗೆ ಇಷ್ಟು ಕೊಡ್ತೀಯಲ್ಲಪ್ಪಾ, ನಿಮ್ಮನೇಲಿ ಏನೂ ಅನ್ನಂಗಿಲ್ಲೇನು?” ಎಂದು ಕೇಳಿದರು. ಹಣವನ್ನು ನಗದಾಗಿ ಕೊಡದೆ ಅವರ ಬ್ಯಾಂಕ್ ಖಾತೆಗೆ ಹಾಕಿದೆ. ಕೊಂಡ ದಿನಾಂಕ, ಕೊಟ್ಟ ಮೊತ್ತ, ಯಾರಿಂದ ಯಾರಿಗೆ ಎಂಬುದಕ್ಕೆ ಮುಂದೆ ನಿಲ್ಲುವ ಮೊದಲ ಪುರಾವೆ ಬ್ಯಾಂಕಿನ ಆ ಒಂದು ಸಾಲು. ಈ ಒಂದು ವಿಚಾರದಲ್ಲಿ ಮಾತ್ರ ನನ್ನ ವೃತ್ತಿ ನನ್ನ ಕೈಬಿಡಲಿಲ್ಲ.

ಉಳಿದದ್ದರಲ್ಲಿ ನಾನು ಶುದ್ಧ ಅವಿವೇಕಿಯಂತೆ ನಡೆದುಕೊಂಡೆ. ಸಂಕ್ರಾಂತಿಯ ಹೊತ್ತಿಗೆ ಒಂದಾದರೂ ಗೋಡೆಯ ಮೇಲಿರಬೇಕೆಂಬ ಆತುರದಲ್ಲಿ, ಇದ್ದುದರಲ್ಲಿ ಅತ್ಯುತ್ತಮವಾದ ಹಾಳೆಯನ್ನೇ ಒಂದು ಫೋಟೋ ಫ್ರೇಮಿನ ಅಂಗಡಿಗೆ ಕೊಟ್ಟೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದಾಗ ಬರೆದದ್ದು ಅದು: ಇಬ್ಬರು ಗುಮಾಸ್ತರು ಒಂದೇ ಮೇಜನ್ನು ಗರಗಸದಿಂದ ನಡುವೆ ಕುಯ್ಯುತ್ತಿದ್ದಾರೆ, ಮೇಜಿನ ಮೇಲಿನ ಕಡತಗಳ ರಾಶಿ ಮಾತ್ರ ಯಾವ ಕಡೆಗೂ ಬೀಳದೆ ಗಾಳಿಯಲ್ಲಿ ನಿಂತಿದೆ. ಎರಡು ದಿನ ಬಿಟ್ಟು ಹೋದಾಗ ಅಂಗಡಿಯ ಹುಡುಗ ಸಂಭ್ರಮದಿಂದ ಅದನ್ನು ಎದುರಿಗೆ ಹಿಡಿದ. ನೀಲಿ ಪೆನ್ಸಿಲ್ಲಿನ ಗೆರೆಗಳನ್ನೆಲ್ಲ ರಬ್ಬರಿನಿಂದ ಉಜ್ಜಿ ತೆಗೆದು, ಹಾಳೆಯನ್ನು ಬಿಸಿ ಯಂತ್ರದಲ್ಲಿ ಲ್ಯಾಮಿನೇಟ್ ಮಾಡಿ, ಬಿಳಿ ಅಂಟು ಬಳಿದು ಹಲಗೆಗೆ ಅಂಟಿಸಿದ್ದ. “ಕ್ಲೀನ್ ಮಾಡಿ ಕೊಟ್ಟೀನಿ ಸಾರ್, ಇನ್ನು ನೂರು ವರ್ಷ ಏನೂ ಆಗಲ್ಲ” ಎಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಏನು ಮಾಡಬಾರದೆಂದು ನಾನು ಹೇಳಿರಲಿಲ್ಲ. ಕರಗಿ ಕಾಗದದ ನಾರಿನೊಳಗೆ ಇಳಿದ ಪ್ಲಾಸ್ಟಿಕ್ಕನ್ನು ಹಾಳೆಗೆ ಗಾಯವಾಗದಂತೆ ಹೊರತೆಗೆಯುವುದು ಸಾಧ್ಯವಿಲ್ಲವೆನ್ನುವಷ್ಟು ಕಷ್ಟ. ಹಾಳೆಯ ಹಿಂಬದಿಯಲ್ಲಿ ಕೆಂಪು ಶಾಯಿಯ ಎರಡು ಸಾಲಿನ ಬರಹವೊಂದಿದ್ದದ್ದು ನನಗೆ ನೆನಪಿತ್ತು. ಅದನ್ನು ನಾನು ಓದಿಯೂ ಇರಲಿಲ್ಲ, ಫೋಟೋ ತೆಗೆದೂ ಇರಲಿಲ್ಲ. ಈಗ ಅದು ಹಲಗೆಯ ಅಂಟಿನಲ್ಲಿ ಹೂತುಹೋಗಿದೆ.

ಆ ರಾತ್ರಿ ಉಳಿದ 10 ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದರ ಎರಡೂ ಬದಿಯ ಫೋಟೋ ತೆಗೆದೆ. ಹಿಂಬದಿಗಳು ಬೇರೆಯೇ ಕಥೆ ಹೇಳಿದವು. ಎಷ್ಟು ಕಾಲಂ ಅಗಲ, ಎಷ್ಟು ಕುಗ್ಗಿಸಬೇಕು ಎಂದು ಮುದ್ರಣಾಲಯಕ್ಕೆ ಬರೆದ ಸೂಚನೆ, ದಿನಾಂಕದ ರಬ್ಬರ್ ಮೊಹರು, ಒಂದರ ಮೇಲೆ ಚಹಾ ಲೋಟದ ಉಂಗುರ, ಇನ್ನೊಂದರ ಮೇಲೆ ಪೆನ್ಸಿಲ್ಲಿನಲ್ಲಿ ತಿಂಗಳ ಹಾಲಿನ ಲೆಕ್ಕ. ಭದ್ರಾ ನಾಲೆಯ ಕೊನೆ ಭಾಗದ ರೈತನೊಬ್ಬ ತನ್ನ ಪಾಲಿನ ನೀರು ಬಂದಿದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕುತ್ತಿರುವ ಚಿತ್ರದ ಹಿಂದೆ, ಕೆಂಪು ಶಾಯಿಯಲ್ಲಿ ‘ನಾಳೆ ನೋಡೋಣ’ ಎಂದಿತ್ತು. ಆ ನಾಳೆ ಬಂದಂತೆ ಕಾಣಲಿಲ್ಲ. ಅದರ ಮೇಲೆ ದಿನಾಂಕದ ಮೊಹರಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಹೊಸ ತೊಡಕು ಎದುರಾಯಿತು. ಪುಣೆಯಲ್ಲಿರುವ ಕಿರಿಯ ಮಗ ಫೋನು ಮಾಡಿ, ತನ್ನನ್ನು ಕೇಳದೆ ತಂದೆಯ ಆಸ್ತಿಯನ್ನು ಮಾರಿದ್ದು ಹೇಗೆ ಎಂದು ಕೇಳಿದರು. ಅದೇ ವಾರ, ಎಂದೋ ನಿಂತುಹೋದ ಆ ಪತ್ರಿಕೆಯ ಮಾಲೀಕರ ಕಡೆಯವರು, ಹಾಳೆಗಳೆಲ್ಲ ಪತ್ರಿಕೆಯ ಸ್ವತ್ತು ಎಂದು ಹೇಳಿಕಳುಹಿಸಿದರು. ಎರಡೂ ಪ್ರಶ್ನೆಗಳನ್ನು ನಾನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಪರಿಚಯದ ವಕೀಲರೊಬ್ಬರು ವಿಷಯವನ್ನು ಹೀಗೆ ಬಿಡಿಸಿದರು: ಹಾಳೆ ಒಂದು ವಸ್ತು, ಅದರ ಮೇಲಿನ ಚಿತ್ರದ ಹಕ್ಕುಸ್ವಾಮ್ಯ ಇನ್ನೊಂದು, ಒಂದನ್ನು ಕೊಂಡವನಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪತ್ರಿಕೆಯ ಸಂಬಳದ ನೌಕರನಾಗಿ ಬರೆದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗಿನ ಹಕ್ಕು ಮಾಲೀಕರದು, ಉಳಿದ ಹಕ್ಕುಗಳು ಬರೆದವರದು. ನಮ್ಮ ಚಿತ್ರಕಾರರು ಗಿರಣಿಯ ನೌಕರರೇ ಹೊರತು ಪತ್ರಿಕೆಯ ನೌಕರರಾಗಿರಲಿಲ್ಲ. ಅದನ್ನು ತೋರಿಸುವುದು ಹೇಗೆ ಎಂಬ ಚಿಂತೆಯನ್ನು ಟ್ರಂಕೇ ಪರಿಹರಿಸಿತು. ತಳದಲ್ಲಿ ಸಿಕ್ಕ ವೋಚರುಗಳ ಕಟ್ಟಿನಲ್ಲಿ ಚಿತ್ರಕ್ಕೆ ಇಷ್ಟೆಂದು ಬಿಡಿಬಿಡಿಯಾಗಿ ಹಣ ಪಡೆದ ಸಹಿಗಳಿದ್ದವು. ವೋಚರು ನೋಡಿ ಕಣ್ಣು ಒದ್ದೆಯಾದ ಲೆಕ್ಕಪರಿಶೋಧಕ ಬಹುಶಃ ನಾನೊಬ್ಬನೇ ಇರಬೇಕು.

ಅವುಗಳ ನಕಲು ಕಳುಹಿಸಿದ ಮೇಲೂ, ಪತ್ರಿಕೆಯ ಮಾಲೀಕರ ಕಡೆಯಿಂದ ತಮ್ಮ ಆಕ್ಷೇಪಣೆಯಿಲ್ಲವೆಂಬ ಒಂದು ಪುಟದ ಪತ್ರ ಬರಲು 3 ತಿಂಗಳಾಯಿತು. ಮನೆಯವರ ಕಡೆಯ ಕಾಗದಗಳಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಯಿತು. ಚಿತ್ರಕಾರರ ಮರಣ ಪ್ರಮಾಣಪತ್ರ, ವಂಶವೃಕ್ಷದ ದೃಢೀಕರಣ, ಅಮ್ಮ ಮತ್ತು ಮೂವರು ಮಕ್ಕಳ ಸಹಿಯುಳ್ಳ ಮಾರಾಟ ಪತ್ರ, ಇವಿಷ್ಟನ್ನು ವಕೀಲರು ಕೇಳಿದ್ದರು. ಹಿರಿಯ ಮಗನ ಹೆಸರು ಆಧಾರಿನಲ್ಲಿ ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಬಗೆ ಇದ್ದುದರಿಂದ ವಂಶವೃಕ್ಷದ ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಮಗಳು ರಾಣೆಬೆನ್ನೂರಿನಿಂದ ಬಂದು ಸಹಿ ಹಾಕಿದ ದಿನ ಪುಣೆಯವರು ಬರಲಾಗಲಿಲ್ಲ, ಅವರು ಬಂದಾಗ ನೋಟರಿ ಊರಲ್ಲಿರಲಿಲ್ಲ. ಕೊನೆಗೆ ದೀಪಾವಳಿಗೆ ಎಲ್ಲರೂ ಸೇರಿದಾಗ ಕೆಲಸ ಮುಗಿಯಿತು. ಅಷ್ಟು ಹೊತ್ತಿಗೆ ಪುಣೆಯ ಮಗನ ಸಿಟ್ಟೂ ಇಳಿದಿತ್ತು. ಅವರಿಗೆ ಬೇಕಾಗಿದ್ದದ್ದು ತಂದೆಯ ಚಿತ್ರಗಳ ಸ್ಪಷ್ಟವಾದ ಸ್ಕ್ಯಾನ್ ಪ್ರತಿ ಮಾತ್ರ. ಅದನ್ನು ಮೊದಲೇ ಕೇಳಿ ಕೊಟ್ಟಿದ್ದರೆ ಅರ್ಧ ವರ್ಷ ಉಳಿಯುತ್ತಿತ್ತು.

ಮಾರಾಟ ಪತ್ರದಲ್ಲಿ ಪ್ರತಿಯೊಂದು ಹಾಳೆಯ ಅಳತೆ, ಮಾಧ್ಯಮ, ಚಿತ್ರದ ಒಂದು ಸಾಲಿನ ವಿವರಣೆ, ಹಿಂಬದಿಯ ಬರಹ ಇಷ್ಟನ್ನೂ ಬರೆಸಿ, ಎರಡೂ ಬದಿಯ ಫೋಟೋ ಲಗತ್ತಿಸಿ, ಫೋಟೋಗಳ ಮೇಲೂ ಸಹಿ ಪಡೆದುಕೊಳ್ಳಬೇಕು. ‘ವ್ಯಂಗ್ಯಚಿತ್ರಗಳು 11’ ಎಂದಷ್ಟೇ ಬರೆದ ರಸೀದಿಯಿಂದ ಮುಂದೆ ಯಾವ ಹಾಳೆಯನ್ನೂ ಗುರುತಿಸಲಾಗದು. ಹಕ್ಕುಸ್ವಾಮ್ಯ ವಾರಸುದಾರರಲ್ಲೇ ಉಳಿಯುತ್ತದೆ ಎಂಬ ಸಾಲನ್ನು ನಾನು ಬೇಕೆಂದೇ ಸೇರಿಸಿದೆ. ಚಿತ್ರಕಾರರು 2021ರಲ್ಲಿ ತೀರಿಕೊಂಡದ್ದರಿಂದ ಮುಂದಿನ ವರ್ಷದಿಂದ 60 ವರ್ಷ, ಅಂದರೆ 2081ರ ಕೊನೆಯವರೆಗೆ ಆ ಹಕ್ಕು ಜೀವಂತವಾಗಿರುತ್ತದೆ. ನನ್ನ ಕಕ್ಷಿದಾರರಾದ ಒಬ್ಬ ಮಂಡಿ ವರ್ತಕರು ಭದ್ರಾ ನಾಲೆಯ ಚಿತ್ರವನ್ನು ತಮ್ಮ ಅಂಗಡಿಯ ಕ್ಯಾಲೆಂಡರಿಗೆ ಬೇಕೆಂದು ಕೇಳಿದಾಗ, ಹಾಳೆ ನನ್ನದಾದರೂ ಅನುಮತಿ ಕೊಡುವ ಅಧಿಕಾರ ನನಗಿಲ್ಲವೆಂದು ಅವರನ್ನು ಅಮ್ಮನ ಮನೆಗೆ ಕಳುಹಿಸಿದೆ. ಇನ್ನೊಂದು ಸಂಗತಿ ಅನೇಕ ಸಂಗ್ರಾಹಕರ ಕಿವಿಗೂ ಬಿದ್ದಿಲ್ಲ. ಹಕ್ಕಿನ ಮೊದಲ ಒಡೆಯರು ಬರೆದವರೇ ಆಗಿದ್ದ ಮೂಲ ಚಿತ್ರವೊಂದು ಮುಂದೆ 10,000 ರೂಪಾಯಿಗೆ ಮೀರಿದ ಬೆಲೆಗೆ ಮರುಮಾರಾಟವಾದರೆ, ಅದೇ ಕಾಯ್ದೆಯ 53ಎ ಕಲಮಿನ ಪ್ರಕಾರ ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ. ಪಾಲಿನ ಮಿತಿ ಶೇಕಡಾ 10. ನನಗೆ ಮಾರುವ ಯೋಚನೆಯಿಲ್ಲ, ಆದರೆ ನನ್ನ ಮಕ್ಕಳ ಮಾತು ನಾನು ಹೇಗೆ ಹೇಳಲಿ?

ಈ ಕಾಗದಪತ್ರಗಳ ಓಡಾಟದ ನಡುವೆಯೇ ಹಾಳೆಗಳ ಆರೈಕೆಯೂ ನಡೆದಿತ್ತು. ಆ ಮನೆ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿದ್ದದ್ದರಿಂದ ಟ್ರಂಕಿನ ಸಂದಿಯಿಂದ ಇಳಿದ ಮಸಿ ಹಾಳೆಗಳ ಅಂಚನ್ನೆಲ್ಲ ಕಪ್ಪಗೆ ಮಾಡಿತ್ತು. ಮೂರು ಹಾಳೆಗಳಿಗೆ ಅಂಟಿಸಿದ್ದ ಸೆಲ್ಲೋಟೇಪು ಒಣಗಿ ಉದುರಿ ಕಂದು ಬಣ್ಣದ ಪಟ್ಟಿ ಬಿಟ್ಟಿತ್ತು, ಎರಡನ್ನು ಹುಳು ತಿಂದಿತ್ತು. ಜೂನ್ ತಿಂಗಳಲ್ಲಿ ಬೆಂಗಳೂರಿನ ಕಾಗದ ಸಂರಕ್ಷಕಿಯೊಬ್ಬರು ನೋಡಲು ಒಪ್ಪಿದರು. ಹಳೆಯ ಕಾಗದವನ್ನು ಸುರುಳಿ ಸುತ್ತಿದರೆ ಮಡಿಕೆಯುದ್ದಕ್ಕೂ ಬಿರುಕು ಬಿಡುತ್ತದೆ, ಇಂಕೂ ಚಕ್ಕೆ ಏಳಬಹುದು ಎಂದು ಅವರು ಮೊದಲೇ ಎಚ್ಚರಿಸಿದ್ದರಿಂದ, ಹಾಳೆಗಳನ್ನು ಎರಡು ದಪ್ಪ ರಟ್ಟುಗಳ ನಡುವೆ ಚಪ್ಪಟೆಯಾಗಿಟ್ಟು ಕಟ್ಟಿ, ಬೆಳಗಿನ ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಎದುರು ಕುಳಿತಿದ್ದ ಹಿರಿಯರು ಅದು ಮಗಳ ಮದುವೆಗೆ ತಂದ ಕನ್ನಡಿಯೇ ಎಂದು ಕೇಳಿದರು. ಹೌದೆಂದೆ, ಬಿಡಿಸಿ ತೋರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಸಂರಕ್ಷಕಿ ಮೊದಲು ಮಾಡಿದ್ದು ಭೂತಗನ್ನಡಿಯ ಪರೀಕ್ಷೆ. ಅಚ್ಚಿನ ಚಿತ್ರದ ಬೂದುಬಣ್ಣ ಹತ್ತಿರದಿಂದ ಚುಕ್ಕಿಗಳಾಗಿ ಒಡೆಯುತ್ತದೆ. ಕೈಬರಹದ ಗೆರೆಯಲ್ಲಿ ನಿಬ್ಬಿನ ಎರಡು ಮೊನೆ ಅಗಲಿದ ಕಡೆ ಇಂಕು ದಪ್ಪವಾಗಿ ನಿಂತು, ಓರೆ ಬೆಳಕಿನಲ್ಲಿ ಮಿಂಚುತ್ತದೆ. ಹಾಗೆ ನೋಡಿದಾಗ ನಾನು ಮೂಲವೆಂದು ನಂಬಿದ್ದ ಒಂದು ಹಾಳೆಯ ಅರ್ಧ ಭಾಗ ಫೋಟೋಕಾಪಿಯ ತುಂಡು ಎಂದು ತಿಳಿಯಿತು. ವಿಧಾನಸೌಧವನ್ನು ಪದೇಪದೇ ಬರೆಯಲು ಬೇಸರವಾಗಿ ಹಿಂದಿನ ಚಿತ್ರದ ನಕಲನ್ನೇ ಕತ್ತರಿಸಿ ಅಂಟಿಸಿದ್ದರು! ಆಮೇಲೆ ಪ್ರತಿ ಹಾಳೆಯ ಮೂಲೆಯಲ್ಲಿ ಇಂಕಿನ ಮೇಲೆ ನೀರಿನ ಒಂದು ಹನಿ ಇಟ್ಟು, ಒತ್ತುಕಾಗದದಲ್ಲಿ ಹೀರಿ ನೋಡಿದರು. ಇಂಡಿಯನ್ ಇಂಕಿನ ಕಪ್ಪು ದೀಪದ ಕಾಡಿಗೆಯಂಥ ಇಂಗಾಲ, ಅರಗಿನ ಅಂಟಿನಲ್ಲಿ ಹಿಡಿದಿಟ್ಟದ್ದು. ಅದು ನೀರಿಗೂ ಬೆಳಕಿಗೂ ಜಗ್ಗಲಿಲ್ಲ. ಸ್ಕೆಚ್ ಪೆನ್ನಿನಲ್ಲಿ ಹಾಕಿದ ಎರಡು ಸಹಿಗಳು ಮಾತ್ರ ನೇರಳೆಯಾಗಿ ಹರಡಿದವು. ಅಂಚಿಗೆ ಕೂತ ಭಟ್ಟಿಯ ಮಸಿಯೂ ಮಂತ್ರಿಯ ಕೂದಲಿಗೆ ಬಳಿದ ಇಂಕೂ ಮೂಲದಲ್ಲಿ ಒಂದೇ ಜಾತಿಯವು, ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವುದು ತಮ್ಮ ಕೆಲಸ ಎಂದು ಅವರು ನಗುತ್ತ ಹೇಳಿದರು.

ಹತ್ತರಲ್ಲಿ 9 ಹಾಳೆಗಳಿಗೆ ಚಿಕಿತ್ಸೆ ಬೇಕಾಗಿತ್ತು. ಹಾಳೆಗೆ 2,200 ರೂಪಾಯಿಯಂತೆ 19,800 ಆಯಿತು, ಕೆಲಸಕ್ಕೆ 5 ತಿಂಗಳು ಹಿಡಿಯಿತು. ಮಸಿಯನ್ನು ಮೃದುವಾದ ಸ್ಪಂಜಿನಿಂದ ಒಣಗಿದ್ದಂತೆಯೇ ಒರೆಸಿ ತೆಗೆದರು, ಟೇಪಿನ ಅಂಟನ್ನು ಬಿಡಿಸಿದರು, ಹುಳು ತಿಂದ ತೂತುಗಳಿಗೆ ಜಪಾನೀ ಟಿಶ್ಯೂ ಕಾಗದದ ತೇಪೆ ಹಾಕಿದರು. ಟೇಪಿನ ಕಂದು ಕಲೆ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲವಂತೆ. ತೇಪೆಗೆ ಅವರು ಬಳಸಿದ್ದು ಗೋಧಿಯ ಪಿಷ್ಟದ ಅಂಟು. ನಮ್ಮ ಮನೆಗಳಲ್ಲಿ ಕುದಿಸುವ ಮೈದಾ ಅಂಟೇ ಆಗದೇ ಎಂದು ಕೇಳಿದ್ದಕ್ಕೆ, ಮೈದಾದಲ್ಲಿ ಉಳಿದಿರುವ ಅಂಟುಸಾರ (ಗ್ಲುಟೆನ್) ಹುಳುಗಳಿಗೆ ಔತಣ, ಪಿಷ್ಟದಲ್ಲಿ ಅದನ್ನು ತೊಳೆದು ತೆಗೆದಿರುತ್ತದೆ, ಮತ್ತು ಬೇಕೆಂದಾಗ ನೀರು ಹಚ್ಚಿ ಬಿಡಿಸಿಕೊಳ್ಳಬಹುದು ಎಂದರು. ಬಿಳಿ ಬಣ್ಣದ ತಿದ್ದುಪಡಿಗಳನ್ನೂ ನೀಲಿ ಗೆರೆಗಳನ್ನೂ ಅವರು ಮುಟ್ಟಲಿಲ್ಲ. ಲ್ಯಾಮಿನೇಟ್ ಆದ ಹನ್ನೊಂದನೆಯದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಹಾಗೆಯೇ ವಾಪಸು ಕೊಟ್ಟರು.

ಹಾಳೆಗಳನ್ನು ಬೆಂಗಳೂರಿಗೆ ಒಯ್ದ ದಿನ ಮಧ್ಯಾಹ್ನ ಬಿಡುವಿತ್ತೆಂದು ಟ್ರಿನಿಟಿ ವೃತ್ತದ ಬಳಿಯ ಮಿಡ್‌ಫೋರ್ಡ್ ಹೌಸಿನಲ್ಲಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋದೆ. ವ್ಯಂಗ್ಯಚಿತ್ರಗಳಿಗೆಂದೇ ಮೀಸಲಾದ ಆ ಗ್ಯಾಲರಿಯಲ್ಲಿ ಗೋಡೆಯ ಮೇಲಿನ ಚೌಕಟ್ಟುಗಳನ್ನು ನೋಡುತ್ತ ನಡೆದಾಗ, ಚಿತ್ರಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಮೌಂಟ್ ರಟ್ಟಿನ ಅಂಚನ್ನೂ ಗಾಜಿಗೂ ಹಾಳೆಗೂ ನಡುವಿನ ಅಂತರವನ್ನೂ ಬಗ್ಗಿ ನೋಡುತ್ತಿದ್ದೆ. ಫ್ರೇಮಿನ ಅಂಗಡಿಯ ಗಾಯ ಇನ್ನೂ ಮಾಯ್ದಿರಲಿಲ್ಲ.

ಚೌಕಟ್ಟು ಹಾಕಿಸಲು ಈ ಸಲ ಬರೆದ ಸೂಚನೆ ಕೊಟ್ಟೆ: ಆಮ್ಲರಹಿತ ಮೌಂಟ್ ಬೋರ್ಡು, ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ ಟಿಶ್ಯೂ ಪಟ್ಟಿಯಿಂದ ತೂಗುಬಿಡುವುದು, ಗಾಜಿನ ಬದಲು ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್, ಹಾಳೆ ಅದಕ್ಕೆ ತಾಕದಿರುವುದು, ಹಿಂಬದಿಯ ಬರಹ ಕಾಣುವಂತೆ ಪಾರದರ್ಶಕ ಹಾಳೆಯ ಒಂದು ಕಿಟಕಿ. ಒಂದಕ್ಕೆ 3,600 ರೂಪಾಯಿಯಂತೆ ನಾಲ್ಕಕ್ಕೆ 14,400. ಉಳಿದ 6 ಹಾಳೆಗಳು ಆಮ್ಲರಹಿತ ಮಡಿಕೆಗಳಲ್ಲಿ, ಪೆಟ್ಟಿಗೆಯಲ್ಲಿವೆ, ಅದಕ್ಕೆ 3,500. ಕಾನೂನಿನ ಕಾಗದಗಳಿಗೆ 4,300. ಹಾಳೆಗಳ 33,000 ಸೇರಿ ಪ್ರಯಾಣ ಬಿಟ್ಟು 75,000 ರೂಪಾಯಿ, ಅಂದರೆ ಕೊಂಡ ಬೆಲೆಗಿಂತ ಕಾಪಾಡಿದ ಬೆಲೆ ಹೆಚ್ಚು. ಬಿಸಿಲು ಬೀಳದ ಗೋಡೆಯನ್ನು ಆರಿಸಿಕೊಂಡದ್ದಕ್ಕೆ ಮಾತ್ರ ಖರ್ಚಾಗಲಿಲ್ಲ.

ಇದೆಲ್ಲ ಕಲಿತ ಮೇಲೆ, ಜನವರಿಯಲ್ಲಿ ಚಿತ್ರದುರ್ಗದ ಒಬ್ಬ ಯುವ ವ್ಯಂಗ್ಯಚಿತ್ರಕಾರರಿಂದ 6,000 ರೂಪಾಯಿಗೆ ಒಂದು ಹೊಸ ಚಿತ್ರ ಕೊಂಡೆ. ಈಗಿನ ಬಹುತೇಕರು ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಬರೆಯುತ್ತಾರಾದ್ದರಿಂದ ಮೂಲ ಹಾಳೆ ಎಂಬುದೇ ಇರುವುದಿಲ್ಲ. ಸಹಿ ಮಾಡಿ ಎಣಿಕೆ ಹಾಕಿದ ಮುದ್ರಿತ ಪ್ರತಿಗಳನ್ನೇ ಕೊಳ್ಳಬೇಕು, ಒಟ್ಟು ಎಷ್ಟು ಪ್ರತಿ ತೆಗೆಯುತ್ತಾರೆಂದು ಬರಹದಲ್ಲಿ ಪಡೆಯಬೇಕು. ಇವರು ಇನ್ನೂ ನಿಬ್ಬು ಹಿಡಿಯುವವರು. ಹಾಳೆಯ ಹಿಂಬದಿಯಲ್ಲಿ ಬರೆದ ದಿನ, ಯಾವ ಇಂಕು, ಯಾವ ಸುದ್ದಿಗೆ ಬರೆದದ್ದು, ಎಲ್ಲಿ ಅಚ್ಚಾಯಿತು ಎಂಬುದನ್ನು ಮೃದುವಾದ ಪೆನ್ಸಿಲ್ಲಿನಲ್ಲಿ ಬರೆದುಕೊಡಲು ಕೇಳಿದೆ. ಹತ್ತೇ ನಿಮಿಷದ ಕೆಲಸ. 11 ಹಳೆಯ ಹಾಳೆಗಳ ಪೈಕಿ 7ಕ್ಕೆ ಇದೇ ವಿವರ ಹುಡುಕಲು ನಾನು ಹಳೆಯ ಪತ್ರಿಕೆಗಳ ಧೂಳಿನ ಕಟ್ಟುಗಳ ನಡುವೆ 9 ಶನಿವಾರ ಕಳೆದಿದ್ದೆ. 4ಕ್ಕೆ ಇನ್ನೂ ಸಿಕ್ಕಿಲ್ಲ.

2025ರ ಫೆಬ್ರವರಿಯಲ್ಲಿ ಚೌಕಟ್ಟುಗಳು ಗೋಡೆಯೇರಿದ ಮೇಲೆ ಅಮ್ಮನನ್ನು ಕಚೇರಿಗೆ ಕರೆದುಕೊಂಡು ಬಂದೆ. ಅವರು ನಾಲ್ಕನ್ನೂ ಒಂದು ಸುತ್ತು ನೋಡಿ, ಗಿರಣಿಯ ಚಿಮಣಿಯ ಮೇಲೆ ಕಾಗೆ ಗೂಡು ಕಟ್ಟಿದ ಚಿತ್ರದ ಮುಂದೆ ನಿಂತು, “ಇದರ ಹಿಂದ ಹಾಲಿನ ಲೆಕ್ಕ ಇತ್ತಲ್ಲಪ್ಪಾ, ಅಳಿಸಿಬಿಟ್ರೇನು?” ಎಂದರು. ಇಲ್ಲಮ್ಮ ಎಂದು ಚೌಕಟ್ಟನ್ನು ಮೊಳೆಯಿಂದ ಇಳಿಸಿ, ತಿರುಗಿಸಿ, ಹಿಂಬದಿಯ ಕಿಟಕಿಯನ್ನು ತೋರಿಸಿದೆ. ಕನ್ನಡಕ ಸರಿಪಡಿಸಿಕೊಂಡು, ಬೆರಳು ಮಡಿಸಿ ಎಣಿಸುತ್ತ ಕೆಳಗಿನ ಮೊತ್ತದವರೆಗೂ ಬಂದು, “ಎರಡು ಲೀಟರ್ ಹೆಚ್ಚಿಗೆ ಕೂಡ್ಯಾರೆ ನೋಡು. ಅದಕ್ಕೇ ಆ ತಿಂಗಳು ಹಾಲಿನವನು ತುಟಿ ಪಿಟಕ್ ಅನ್ಲಿಲ್ಲ” ಎಂದರು. ವರ್ಷಕ್ಕೂ ಮೀರಿ ಆ ಹಿಂಬದಿಯನ್ನು ನೋಡುತ್ತ ಬಂದಿದ್ದ ನಾನು, ಅವರನ್ನು ಆಟೋ ಹತ್ತಿಸಿ ಬಂದವನೇ ಮತ್ತೆ ಕೂಡಿಸಿ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.